ಫ್ಯಾಕ್ಟರಿ ಧೂಳು ಮತ್ತು ನಮ್ಮ ಶ್ವಾಸಕೋಶ: ಬೆಂಗಳೂರಿನ ಕಾರ್ಮಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಚಿಕ್ಕಪ್ಪ ಪೀಣ್ಯದ ಒಂದು ಫೌಂಡ್ರಿಯಲ್ಲಿ 19 ವರ್ಷ ಫೆಟ್ಲಿಂಗ್ ಕೆಲಸ ಮಾಡಿದರು. ಎರಕ ಹೊಯ್ದು ಆರಿದ ಮೇಲೆ ಅದಕ್ಕೆ ಅಂಟಿಕೊಂಡ ಮರಳನ್ನು ಗ್ರೈಂಡರ್ ಹಿಡಿದು ಉಜ್ಜಿ ತೆಗೆಯುವ ಕೆಲಸ ಅದು. ಕೆಮ್ಮು ಶುರುವಾದಾಗ ಟಿಬಿ ಅಂದರು. ಆರು ತಿಂಗಳು ಮಾತ್ರೆ ನುಂಗಿದರು. ಕೆಮ್ಮು ಹೋಗಲಿಲ್ಲ. ಮತ್ತೆ ಟಿಬಿ ಮಾತ್ರೆಯೇ ಕೊಟ್ಟರು. ಮೂರನೇ ಸಲ ಬೇರೆ ಕಡೆ ತೋರಿಸಿದಾಗ ಅಲ್ಲಿನ ಡಾಕ್ಟರ್ ಎಕ್ಸ್‌ರೇ ಪಕ್ಕಕ್ಕಿಟ್ಟು, "ಏನು ಕೆಲಸ ಮಾಡ್ತೀರಿ ಯಜಮಾನ್ರೇ?" ಅಂತ ಕೇಳಿದರು. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಚಿಕ್ಕಪ್ಪನೂ ಬಾಯಿಬಿಟ್ಟು ಹೇಳಿರಲಿಲ್ಲ. ಅದು ಸಿಲಿಕೋಸಿಸ್, ಅಂದರೆ ಕಲ್ಲು, ಮರಳಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಆಗಿತ್ತು.

ಆಮೇಲೆ ಈ ವಿಷಯ ಓದುತ್ತಾ, ಜನರ ಹತ್ತಿರ ಮಾತಾಡುತ್ತಾ ಬಂದೆ. ಫ್ಯಾಕ್ಟರಿ ಗೇಟಿನ ಟೀ ಅಂಗಡಿಯಲ್ಲಿ, ಯೂನಿಯನ್ ಮೀಟಿಂಗ್‌ನಲ್ಲಿ, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಆಸ್ಪತ್ರೆಯ ಕ್ಯೂನಲ್ಲಿ ಜನ ನನ್ನನ್ನು ಕೇಳಿದ ಪ್ರಶ್ನೆಗಳೇ ಇಲ್ಲಿವೆ. ಇದನ್ನು ಓದಿ ನೀವೇ ಕಾಯಿಲೆ ತೀರ್ಮಾನ ಮಾಡಿಕೊಳ್ಳಬೇಡಿ. ಡಾಕ್ಟರ ಹತ್ತಿರ ಹೋಗಿ. ಆದರೆ ನಿಮ್ಮ ಕೆಲಸ ಏನು ಅಂತ ಹೇಳದೆ ಮಾತ್ರ ವಾಪಸ್ ಬರಬೇಡಿ.

ಧೂಳು ಎಲ್ಲಿಲ್ಲ ಹೇಳಿ? ರಸ್ತೆ ಧೂಳಿಗಿಂತ ಫ್ಯಾಕ್ಟರಿ ಧೂಳು ಹೇಗೆ ಬೇರೆ?

ಯಾವ ಧೂಳು, ಎಷ್ಟು ಸಣ್ಣದು, ಎಷ್ಟು ಹೊತ್ತು. ಈ ಮೂರರಲ್ಲಿ ಬೇರೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಅರ್ಧ ಗಂಟೆ ನಿಂತರೆ ಕೆಮ್ಮು ಬರಬಹುದು. ಆದರೆ ಗ್ರೈಂಡಿಂಗ್ ಮಾಡುವವರ ಮೂಗು ಧೂಳು ಹುಟ್ಟುವ ಜಾಗದಿಂದ ಒಂದೂವರೆ ಅಡಿ ದೂರದಲ್ಲಿರುತ್ತದೆ, ಅಷ್ಟೇ. ಅದೂ ದಿನಕ್ಕೆ ಎಂಟು ಗಂಟೆ. ಓಟಿ ಇದ್ದರೆ ಹತ್ತು, ಹನ್ನೆರಡು. ಹೀಗೆ ವರ್ಷಗಟ್ಟಲೆ.

ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ ಇರುತ್ತದೆ. 10 ಮೈಕ್ರಾನ್‌ಗಿಂತ ದೊಡ್ಡ ಕಣಗಳನ್ನು ಮೂಗು, ಗಂಟಲು ಬಹುಪಾಲು ತಡೆಯುತ್ತವೆ. ಸಂಜೆ ಮೂಗು ಸೀದಿದಾಗ ಬರುವ ಕರಿ ಕೊಳೆ ಅದೇ. ಅದನ್ನು ನೋಡಿ ಹೆದರುವ ನಾವು ಕಾಣದ ಕಣಕ್ಕೆ ಹೆದರುವುದಿಲ್ಲ. ನಿಜವಾದ ಅಪಾಯ ಇರುವುದು ಸುಮಾರು 5 ಮೈಕ್ರಾನ್‌ಗಿಂತ ಸಣ್ಣ ಕಣದಲ್ಲಿ. ಒಂಟಿ ಕಣ ಕಣ್ಣಿಗೆ ಕಾಣುವುದಿಲ್ಲ. ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ಉಸಿರಿನ ಜೊತೆ ಶ್ವಾಸಕೋಶದ ತುದಿಯ ಗಾಳಿಗೂಡುಗಳ ತನಕ ಹೋಗಿ ಕೂರುತ್ತದೆ. "ಇವತ್ತು ಧೂಳು ಕಮ್ಮಿ ಇದೆ" ಅಂತ ಕಣ್ಣಳತೆಯಲ್ಲಿ ಹೇಳಿದರೆ ನಂಬಬೇಡಿ.

ಬೆಂಗಳೂರಿನಲ್ಲಿ ಯಾವ ಕೆಲಸದವರಿಗೆ ಇದು ಜಾಸ್ತಿ?

ಪೀಣ್ಯ, ರಾಜಾಜಿನಗರ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ ಕಡೆಯ ಫೌಂಡ್ರಿ, ಗ್ರೈಂಡಿಂಗ್, ಬಫಿಂಗ್, ವೆಲ್ಡಿಂಗ್, ಪೌಡರ್ ಕೋಟಿಂಗ್ ಶೆಡ್‌ಗಳು. ಜಿಗಣಿಯ ಗ್ರಾನೈಟ್ ಕಟಿಂಗ್ ಮತ್ತು ಪಾಲಿಶಿಂಗ್ ಘಟಕಗಳು. ಊರ ಸುತ್ತಲಿನ ಕಲ್ಲು ಕ್ರಷರ್‌ಗಳು. ಮೈಸೂರು ರಸ್ತೆ ಕಡೆಯ ಮರದ ಮಿಲ್‌ಗಳು, ಎಲ್ಲ ಬಡಾವಣೆಯಲ್ಲೂ ಇರುವ ಪ್ಲೈವುಡ್, ಎಂಡಿಎಫ್ ಕೊಯ್ಯುವ ಫರ್ನಿಚರ್ ಅಂಗಡಿಗಳು. ಬೊಮ್ಮನಹಳ್ಳಿ, ಹೊಸೂರು ರಸ್ತೆ, ಪೀಣ್ಯದ ಗಾರ್ಮೆಂಟ್ಸ್. ಹಿಟ್ಟಿನ ಗಿರಣಿ, ಬೇಕರಿ. ಅಗರಬತ್ತಿ ಮಾಡುವ ಮನೆಗಳು.

ಇವೆಲ್ಲ ಒಂದೇ ತೂಕದ ಅಪಾಯ ಅಲ್ಲ. ಕಲ್ಲು ಮತ್ತು ಮರಳಿನ ಧೂಳು ಎಲ್ಲಕ್ಕಿಂತ ಕೆಟ್ಟದ್ದು. ಅದರಲ್ಲಿ ಕ್ವಾರ್ಟ್ಸ್, ಅಂದರೆ ಹರಳು ರೂಪದ ಸಿಲಿಕಾ ಇರುತ್ತದೆ. ಈಗ ಅಡುಗೆಮನೆ ಕಟ್ಟೆಗೆ ಹಾಕುವ ಕೃತಕ ಕ್ವಾರ್ಟ್ಸ್ ಸ್ಲ್ಯಾಬ್‌ಗಳಲ್ಲಿ ಸಿಲಿಕಾ 90 ಶೇಕಡಾ ದಾಟಬಹುದು. ಅದನ್ನು ಕೊಯ್ಯುವ ಹುಡುಗರಿಗೆ ಚಿಕ್ಕ ವಯಸ್ಸಿನಲ್ಲೇ ಸಿಲಿಕೋಸಿಸ್ ಬಂದಿದ್ದನ್ನು ನೋಡಿ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ನಮ್ಮಲ್ಲಿ ಅಪಾರ್ಟ್‌ಮೆಂಟ್ ಒಳಗೇ ಕೂತು, ನೀರಿಲ್ಲದೆ, ಹ್ಯಾಂಡ್ ಕಟರ್ ಹಿಡಿದು ಅದೇ ಸ್ಲ್ಯಾಬ್ ಕೊಯ್ಯುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮಾತು. ಹಳೆಯ ಶೆಡ್‌ಗಳ ಮೇಲಿನ ಸಿಮೆಂಟ್ ಶೀಟ್‌ಗಳಲ್ಲಿ ಕಲ್ನಾರು (ಆಸ್‌ಬೆಸ್ಟಾಸ್) ಇರುತ್ತದೆ. ಶೀಟ್ ಸುಮ್ನೆ ಇದ್ದಾಗಿನ ಅಪಾಯಕ್ಕಿಂತ ಅದನ್ನು ಒಡೆದಾಗ, ಕೊರೆದಾಗ ಏಳುವ ಧೂಳಿನ ಅಪಾಯ ತುಂಬ ದೊಡ್ಡದು.

ಸಿಲಿಕೋಸಿಸ್ ಅಂದರೆ ಏನು? ವಾಸಿ ಆಗುತ್ತಾ?

ಶ್ವಾಸಕೋಶದೊಳಗೆ ಬಂದ ಕಸವನ್ನು ನುಂಗಿ ಹಾಕಲು ದೇಹದಲ್ಲಿ ಕಾವಲು ಕೋಶಗಳಿವೆ. ಅವು ಸಿಲಿಕಾ ಕಣವನ್ನೂ ನುಂಗುತ್ತವೆ. ಆದರೆ ಅರಗಿಸಿಕೊಳ್ಳಲು ಆಗುವುದಿಲ್ಲ. ಕೋಶವೇ ಸಾಯುತ್ತದೆ, ಕಣ ಮತ್ತೆ ಹೊರಬರುತ್ತದೆ. ಇನ್ನೊಂದು ಕೋಶ ಬಂದು ಅದನ್ನೇ ನುಂಗಿ ಸಾಯುತ್ತದೆ. ಈ ಜಗಳ ನಡೆದ ಜಾಗದಲ್ಲೆಲ್ಲ ಗಾಯ ಮಾಯ್ದು ಗಂಟು ಕಟ್ಟುತ್ತದೆ. ಸ್ಪಂಜಿನಂತೆ ಮೆತ್ತಗಿರಬೇಕಾದ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ.

ವಾಸಿ ಮಾಡುವ ಔಷಧ ಇಲ್ಲ. ಇದನ್ನು ಮುಚ್ಚಿಟ್ಟು ಹೇಳಿ ಪ್ರಯೋಜನ ಇಲ್ಲ. ಕೆಲಸ ಬಿಟ್ಟ ಮೇಲೂ ಕೆಲವರಲ್ಲಿ ಮುಂದುವರಿಯುತ್ತದೆ, ಏಕೆಂದರೆ ಕಣಗಳು ಒಳಗೇ ಉಳಿದಿರುತ್ತವೆ. ಆದರೂ ಬೇಗ ಗೊತ್ತಾಗುವುದಕ್ಕೆ ದೊಡ್ಡ ಬೆಲೆ ಇದೆ. ಧೂಳಿನಿಂದ ಬೇಗ ದೂರ ಸರಿದಷ್ಟೂ ಒಳಗೆ ಸೇರುವ ಹೊರೆ ಕಡಿಮೆ. ಟಿಬಿ ಬಂದರೆ ಬೇಗ ಹಿಡಿಯಬಹುದು. ಉಸಿರಾಟದ ವ್ಯಾಯಾಮ, ಸೋಂಕಿಗೆ ಚಿಕಿತ್ಸೆ, ಬೇಕಾದಾಗ ಆಕ್ಸಿಜನ್, ಇವೆಲ್ಲ ಬದುಕನ್ನು ಹಗುರ ಮಾಡುತ್ತವೆ.

ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಧೂಳು ಕುಡಿದ ಮೇಲೆ ಕಾಣಿಸಿಕೊಳ್ಳುತ್ತದೆ. ಧೂಳು ತುಂಬ ದಟ್ಟವಾಗಿದ್ದರೆ ಐದರಿಂದ ಹತ್ತು ವರ್ಷದಲ್ಲೇ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಸ್ಯಾಂಡ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳು ಹೊಡೆದು ಮೇಲ್ಮೈ ಉಜ್ಜುವುದು) ಮಾಡುವಂಥ ಕಡೆ ತಿಂಗಳುಗಳಲ್ಲೇ ಬಂದ ಉದಾಹರಣೆಗಳಿವೆ. ಸಿಲಿಕಾ ಧೂಳು ಶ್ವಾಸಕೋಶದ ಕ್ಯಾನ್ಸರ್‌ಗೂ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ.

ಇದು ನಮಗೆ ಹೊಸ ಕಾಯಿಲೆಯೂ ಅಲ್ಲ. ಭಾರತದಲ್ಲಿ ಸಿಲಿಕೋಸಿಸ್ ವರದಿಯಾದ ಮೊದಲ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು. ಅದು 1930ರ ದಶಕದ ಮಾತು. 2001ರಲ್ಲಿ ಗಣಿ ಮುಚ್ಚಿತು. ಅದೇ ಧೂಳು ಇವತ್ತು ಬೆಂಗಳೂರಿನ ಶೆಡ್‌ಗಳಲ್ಲಿ ಏಳುತ್ತಿದೆ.

ಟಿಬಿಗೂ ಇದಕ್ಕೂ ಗೊಂದಲ ಯಾಕೆ ಆಗುತ್ತದೆ?

ಎರಡರಲ್ಲೂ ಕೆಮ್ಮು, ಸುಸ್ತು, ತೂಕ ಇಳಿಯುವುದು ಇರುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಚುಕ್ಕೆ ಚುಕ್ಕೆಯಾಗಿ ಕಾಣುತ್ತವೆ. ಟಿಬಿ ನಮ್ಮಲ್ಲಿ ಜಾಸ್ತಿ. ಹಾಗಾಗಿ ಡಾಕ್ಟರ ಮನಸ್ಸು ಮೊದಲು ಅಲ್ಲಿಗೇ ಹೋಗುತ್ತದೆ. ಅದು ತಪ್ಪೂ ಅಲ್ಲ. ಆದರೆ ಕಫದಲ್ಲಿ ಟಿಬಿ ರೋಗಾಣು ಸಿಗದೆ, ಮಾತ್ರೆ ಮುಗಿದರೂ ಚುಕ್ಕೆಗಳು ಹಾಗೇ ಇದ್ದರೆ, ಧೂಳಿನ ಕೆಲಸದ ಬಗ್ಗೆ ಕೇಳಲೇಬೇಕು.

ಇಲ್ಲೊಂದು ಎಚ್ಚರಿಕೆ. ಸಿಲಿಕೋಸಿಸ್ ಇದೆ ಅಂದಮಾತ್ರಕ್ಕೆ ಟಿಬಿ ಇಲ್ಲ ಅಂತ ಅಲ್ಲ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ತಗಲುವ ಸಂಭವ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಎರಡೂ ಒಟ್ಟಿಗೆ ಇರಬಹುದು. ಟಿಬಿ ಮಾತ್ರೆ ಶುರು ಮಾಡಿದ್ದರೆ ನಡುವೆ ನೀವಾಗಿಯೇ ನಿಲ್ಲಿಸಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಚಿಕಿತ್ಸೆ ನಡೆಯುವಷ್ಟು ದಿನ ಊಟದ ಖರ್ಚಿಗೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. 2024ರ ನವೆಂಬರ್‌ವರೆಗೆ ಅದು 500 ಇತ್ತು.

ನಾನು ಗಾರ್ಮೆಂಟ್ಸ್‌ನಲ್ಲಿ ಓವರ್‌ಲಾಕ್ ಮಷೀನ್ ಹಾಕುತ್ತೇನೆ. ಬಟ್ಟೆ ನಾರಿನಿಂದ ಏನಾಗುತ್ತೆ?

ಅಕ್ಕ, ನಿಮಗೆ ಸಿಲಿಕೋಸಿಸ್ ಭಯ ಬೇಡ. ಆದರೆ ನಾರಿನ ಧೂಳು ಸುಮ್ನೆ ಬಿಡುವಂಥದ್ದೂ ಅಲ್ಲ. ಮೂಗು ಸೋರುವುದು, ಗಂಟಲು ಕೆರೆತ, ಒಣ ಕೆಮ್ಮು ಬರುತ್ತದೆ. ಉಬ್ಬಸ ಇದ್ದವರಿಗೆ ಜಾಸ್ತಿಯಾಗುತ್ತದೆ. ಕಟಿಂಗ್ ಸೆಕ್ಷನ್, ಓವರ್‌ಲಾಕ್, ಕತ್ತರಿಸಿದ ಚಿಂದಿ ತುಂಬುವ ಜಾಗ, ಈ ಮೂರು ಕಡೆ ನಾರು ಹೆಚ್ಚು.

ಹತ್ತಿ ಧೂಳಿನ ದೊಡ್ಡ ಕಾಯಿಲೆ ಬಿಸಿನೋಸಿಸ್. ಅದು ಹೆಚ್ಚಾಗಿ ಬರುವುದು ಹತ್ತಿ ಬಿಡಿಸಿ ನೂಲು ತೆಗೆಯುವ ಮಿಲ್‌ಗಳಲ್ಲಿ, ಅದರಲ್ಲೂ ಬ್ಲೋ ರೂಂ, ಕಾರ್ಡಿಂಗ್ ಕೆಲಸದವರಿಗೆ. ಬೆಂಗಳೂರಿನಲ್ಲಿ ಬಟ್ಟೆ ಮಿಲ್‌ಗಳ ಸೈರನ್ ಕೇಳಿ ಬೆಳೆದ ತಲೆಮಾರು ಇನ್ನೂ ಇದೆ. ಅವರಲ್ಲಿ ಮಿಲ್ ಕೆಲಸ ಮಾಡಿದವರನ್ನು ಕೇಳಿ ನೋಡಿ. "ಭಾನುವಾರ ರಜೆ ಮುಗಿಸಿ ಸೋಮವಾರ ಹೋದರೆ ಎದೆ ಹಿಡಿದುಕೊಳ್ಳೋದು" ಅನ್ನುತ್ತಾರೆ. ಆ ಕಾಯಿಲೆಯ ಗುರುತೇ ಅದು. ಸೋಮವಾರ ಎದೆ ಬಿಗಿತ, ಮಂಗಳವಾರ ಬುಧವಾರಕ್ಕೆ ಕಡಿಮೆ. ಆರಂಭದಲ್ಲಿ ಧೂಳು ಬಿಟ್ಟರೆ ಸರಿಹೋಗುತ್ತದೆ. ವರ್ಷಗಟ್ಟಲೆ ಅದೇ ಧೂಳಿನಲ್ಲಿ ಮುಂದುವರಿದರೆ ವಾರದ ಎಲ್ಲ ದಿನಕ್ಕೂ ಹಬ್ಬಿ, ಉಳಿದುಕೊಂಡುಬಿಡುತ್ತದೆ. ಫ್ಯಾಕ್ಟರಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಹಸಿ ಹತ್ತಿ ಧೂಳಿಗೆ ಹಾಕಿದ್ದ ಮಿತಿ ಒಂದು ಘನ ಮೀಟರ್ ಗಾಳಿಗೆ 0.2 ಮಿಲಿಗ್ರಾಂ.

ನಿಮ್ಮ ಫ್ಲೋರ್‌ನಲ್ಲಿ ಕೇಳಬೇಕಾದ್ದು ಇಷ್ಟು: ಓವರ್‌ಲಾಕ್ ಮಷೀನ್‌ಗೆ ಚಿಂದಿ ಎಳೆಯುವ ಸಕ್ಷನ್ ಪೈಪ್ ಇದೆಯಾ? ಇದ್ದರೆ ಅದರ ಚೀಲ ಖಾಲಿ ಮಾಡುತ್ತಾರಾ? ಎಷ್ಟೋ ಕಡೆ ಪೈಪ್ ಇರುತ್ತದೆ, ಚೀಲ ತುಂಬಿ ಕೂತಿರುತ್ತದೆ.

ಉಬ್ಬಸ ಕೆಲಸದಿಂದಲೇ ಬಂದಿದೆ ಅಂತ ಹೇಗೆ ಗೊತ್ತಾಗುತ್ತೆ?

ರಜೆಯನ್ನೇ ಪರೀಕ್ಷೆ ಮಾಡಿಕೊಳ್ಳಿ. ಹಬ್ಬಕ್ಕೆ ಊರಿಗೆ ಹೋಗಿ ಹತ್ತು ದಿನ ಇದ್ದಾಗ ಉಸಿರಾಟ ಹಗುರಾಯಿತಾ? ವಾಪಸ್ ಬಂದು ಡ್ಯೂಟಿ ಶುರು ಮಾಡಿದ ಎರಡು ಮೂರು ದಿನಕ್ಕೆ ಮತ್ತೆ ಸುಯ್ ಸುಯ್ ಅನ್ನುತ್ತಿದೆಯಾ? ಹಾಗಿದ್ದರೆ ಅನುಮಾನ ಪಡಲೇಬೇಕು. ಕೆಲವರಿಗೆ ಕೆಲಸದ ಹೊತ್ತಿನಲ್ಲಿ ಏನೂ ಆಗುವುದಿಲ್ಲ, ರಾತ್ರಿ ಮನೆಯಲ್ಲಿ ಮಲಗಿದಾಗ ಕೆಮ್ಮು ಹಿಡಿಯುತ್ತದೆ. ಮನೆಯ ಹಾಸಿಗೆ, ದಿಂಬಿನ ಮೇಲೆ ತಪ್ಪು ಹೊರಿಸುತ್ತಾರೆ.

ಡಾಕ್ಟರ್ ಪೀಕ್ ಫ್ಲೋ ಮೀಟರ್ ಅನ್ನೋ ಚಿಕ್ಕ ಕೊಳವೆ ಕೊಟ್ಟು, ದಿನಕ್ಕೆ ನಾಲ್ಕು ಸಲ ಊದಿ ಬರೆದಿಡಿ ಅನ್ನಬಹುದು. ಕೆಲಸದ ದಿನ, ರಜೆ ದಿನ ಎರಡೂ ಸೇರಿ ಎರಡು ಮೂರು ವಾರ ಬರೆದರೆ ಚಿತ್ರ ಸ್ಪಷ್ಟವಾಗುತ್ತದೆ. ಮೈದಾಹಿಟ್ಟು, ಮರದ ಪುಡಿ, ಎರಡು ಡಬ್ಬದ್ದು ಬೆರೆಸಿ ಗಾಡಿಗೆ ಹೊಡೆಯುವ ಪೇಂಟ್, ಫೋಮ್ ತಯಾರಿಕೆ, ಇವು ಉಬ್ಬಸ ತರುವುದರಲ್ಲಿ ಮುಂದು. ಸಿಲಿಕೋಸಿಸ್‌ಗೆ ಹೋಲಿಸಿದರೆ ಇಲ್ಲಿ ಒಳ್ಳೆಯ ಸುದ್ದಿ ಇದೆ. ಬೇಗ ಕಂಡುಹಿಡಿದು ಆ ಪದಾರ್ಥದಿಂದ ದೂರ ಹೋದರೆ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ.

ಯಾವ ಲಕ್ಷಣ ಕಂಡರೆ ತಡ ಮಾಡಬಾರದು?

ಎರಡು ವಾರಕ್ಕಿಂತ ಹೆಚ್ಚು ಕೆಮ್ಮು. ಕಫದಲ್ಲಿ ರಕ್ತ. ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲಿಗೆ ಈಗ ಏದುಸಿರು. ಕಾರಣವಿಲ್ಲದೆ ತೂಕ ಇಳಿಯುವುದು. "ವಯಸ್ಸಾಯ್ತು, ಅದಕ್ಕೇ" ಅಂತ 38ನೇ ವಯಸ್ಸಿಗೆ ಹೇಳಿಕೊಳ್ಳಬೇಡಿ.

ಯಾವ ಪರೀಕ್ಷೆ ಮಾಡಿಸಬೇಕು?

ಎದೆಯ ಎಕ್ಸ್‌ರೇ ಮತ್ತು ಸ್ಪೈರೋಮೆಟ್ರಿ. ಸ್ಪೈರೋಮೆಟ್ರಿ ಅಂದರೆ ಊದುವ ಪರೀಕ್ಷೆ. ದೀರ್ಘವಾಗಿ ಉಸಿರೆಳೆದು, ಜೋರಾಗಿ, ಖಾಲಿಯಾಗುವ ತನಕ ಊದಬೇಕು. ಒಟ್ಟು ಎಷ್ಟು ಗಾಳಿ ಬಂತು, ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಂತು ಅನ್ನುವುದನ್ನು ಯಂತ್ರ ಅಳೆಯುತ್ತದೆ. ನೋವಿಲ್ಲ, ಸೂಜಿ ಇಲ್ಲ. ಅರ್ಧಂಬರ್ಧ ಊದಿದರೆ ತಪ್ಪು ಫಲಿತಾಂಶ ಬರುತ್ತದೆ, ಅಷ್ಟೇ.

ಕೆಲಸಕ್ಕೆ ಸೇರುವಾಗಲೇ ಒಂದು ಸಲ ಊದಿಸಿಕೊಂಡರೆ ಬಹಳ ಒಳ್ಳೆಯದು. ಒಂದೇ ರಿಪೋರ್ಟ್ ನೋಡಿದರೆ ನಾರ್ಮಲ್ ಅನಿಸಬಹುದು. ಮೂರು ವರ್ಷದ ರಿಪೋರ್ಟ್ ಪಕ್ಕಪಕ್ಕ ಇಟ್ಟಾಗ ಇಳಿಯುತ್ತಿರುವುದು ಕಾಣುತ್ತದೆ. ಹಾಗಾಗಿ ಹಳೆಯ ರಿಪೋರ್ಟ್ ಬಿಸಾಡಬೇಡಿ. ಫ್ಯಾಕ್ಟರಿ ಮೆಡಿಕಲ್ ಕ್ಯಾಂಪ್‌ನಲ್ಲಿ ಬಿಪಿ, ಶುಗರ್, ಕಣ್ಣು ನೋಡಿ ಕಳಿಸುತ್ತಾರೆ. "ಊದುವ ಟೆಸ್ಟ್ ಯಾಕಿಲ್ಲ ಸರ್?" ಅಂತ ಕೇಳಿ. ನಾಲ್ಕು ಜನ ಕೇಳಿದರೆ ಮುಂದಿನ ವರ್ಷ ತರಿಸುತ್ತಾರೆ.

ಕೆಲಸ ಮುಗಿದ ಮೇಲೆ ಬೆಲ್ಲ, ಬಾಳೆಹಣ್ಣು ತಿಂದರೆ ಧೂಳು ಇಳಿದುಹೋಗುತ್ತೆ ಅಂತಾರಲ್ಲ?

ಇಳಿಯುವುದಿಲ್ಲ. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಕೂತಿರುವುದು ಶ್ವಾಸಕೋಶದಲ್ಲಿ. ಎರಡರ ದಾರಿ ಗಂಟಲಲ್ಲೇ ಬೇರೆಯಾಗುತ್ತದೆ. ಬೆಲ್ಲ ತಿಂದಾಗ ಗಂಟಲು ತಂಪಾಗುತ್ತದೆ, ಹಿತ ಅನಿಸುತ್ತದೆ. ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ಮಾಲೀಕರು ಶನಿವಾರ ಬೆಲ್ಲ ಹಂಚಿ ಸಕ್ಷನ್ ಫ್ಯಾನ್ ರಿಪೇರಿ ಮಾಡಿಸದಿದ್ದರೆ, ಆ ಬೆಲ್ಲಕ್ಕೆ ಸಮಾಧಾನ ಪಡಬೇಡಿ. "ಸಂಜೆ ಎಣ್ಣೆ ಹಾಕಿದರೆ ಎದೆ ಕ್ಲೀನ್" ಅನ್ನುವುದೂ ಅಷ್ಟೇ ಸುಳ್ಳು.

ಕರ್ಚೀಫ್ ಕಟ್ಟಿಕೊಂಡರೆ ಸಾಲದಾ?

ಸಾಲದು. ಬಟ್ಟೆಯ ನೇಯ್ಗೆಯ ಸಂದು ಆ ಸಣ್ಣ ಕಣಕ್ಕೆ ಹೆಬ್ಬಾಗಿಲು ಇದ್ದಂತೆ. ನೀಲಿ ಸರ್ಜಿಕಲ್ ಮಾಸ್ಕ್ ಕೆನ್ನೆ ಪಕ್ಕ ತೆರೆದೇ ಇರುತ್ತದೆ. ಧೂಳಿಗೆ ಕಡೇಪಕ್ಷ ಎನ್95 ಅಥವಾ ಎಫ್‌ಎಫ್‌ಪಿ2 ಬೇಕು. ನಮ್ಮ ದೇಶದ ಗುಣಮಟ್ಟದ ಗುರುತು ಐಎಸ್ 9473. ಎರಡು ಪಟ್ಟಿಯನ್ನೂ ತಲೆಯ ಹಿಂದಕ್ಕೆ ಹಾಕಿ, ಮೂಗಿನ ತಂತಿ ಒತ್ತಿ, ಒಮ್ಮೆ ಜೋರಾಗಿ ಉಸಿರು ಬಿಡಿ. ಪಕ್ಕದಿಂದ ಗಾಳಿ ಬಂದರೆ ಕೂತಿಲ್ಲ ಅಂತ ಅರ್ಥ. ಗಡ್ಡ ಇದ್ದರೆ ಯಾವ ಬಿಗಿ ಮಾಸ್ಕೂ ಸರಿಯಾಗಿ ಕೂರುವುದಿಲ್ಲ. ತೊಳೆದು ಮತ್ತೆ ಹಾಕಿಕೊಳ್ಳಬೇಡಿ. ಉಸಿರೆಳೆಯಲು ಕಷ್ಟ ಆದರೆ, ಒದ್ದೆಯಾದರೆ, ಆಕಾರ ಕೆಟ್ಟರೆ ಬದಲಾಯಿಸಿ.

ಪೇಂಟ್, ಥಿನ್ನರ್ ಆವಿಗೆ ಎನ್95 ಕೆಲಸಕ್ಕೆ ಬಾರದು. ಅದಕ್ಕೆ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ಮಾಸ್ಕ್ ಕೊಟ್ಟರೆ ಮಾಲೀಕರ ಜವಾಬ್ದಾರಿ ಮುಗೀತಾ?

ಇಲ್ಲ. ಈ ಒಂದು ವಿಷಯ ಎಲ್ಲರಿಗೂ ಗೊತ್ತಾಗಲಿ ಅಂತ ನನಗೆ ಆಸೆ. ಮಾಸ್ಕ್ ಕೊನೆಯ ಕೆಲಸ. ಮೊದಲ ಕೆಲಸ ಧೂಳು ಗಾಳಿಗೆ ಏಳದಂತೆ ಮಾಡುವುದು.

ಮರಳಿನ ಬದಲು ಸ್ಟೀಲ್ ಶಾಟ್ (ಉಕ್ಕಿನ ಸಣ್ಣ ಗುಂಡು) ಹಾಕಿ ಬ್ಲಾಸ್ಟಿಂಗ್ ಮಾಡಬಹುದು. ಕಲ್ಲು ಕೊಯ್ಯುವಾಗ ಬ್ಲೇಡ್ ಮೇಲೆ ನೀರು ಬಿಡಬಹುದು. ಒಣ ಕಟಿಂಗ್ ಮತ್ತು ನೀರು ಬಿಟ್ಟು ಮಾಡುವ ಕಟಿಂಗ್ ಎರಡನ್ನೂ ಜಿಗಣಿ ಕಡೆ ಒಂದೇ ಬೀದಿಯಲ್ಲಿ ನೋಡಿದ್ದೇನೆ. ಒಂದರಲ್ಲಿ ಹತ್ತು ಅಡಿ ಆಚೆಗಿನ ಮನುಷ್ಯ ಕಾಣುವುದಿಲ್ಲ, ಇನ್ನೊಂದರಲ್ಲಿ ನೆಲ ಒದ್ದೆ, ಅಷ್ಟೇ. ವ್ಯತ್ಯಾಸ ಒಂದು ಪೈಪ್, ಒಂದು ಸಣ್ಣ ಪಂಪ್. ಕರೆಂಟ್ ಟೂಲ್‌ಗೆ ನೀರು ಬಿಡುವಾಗ ಶಾಕ್ ಹೊಡೆಯದಂತೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಹಾಕಿಸಬೇಕು, ಅದನ್ನು ಮರೆಯಬಾರದು.

ನೀರು ಬಳಸಲು ಆಗದ ಕಡೆ ಧೂಳನ್ನು ಹುಟ್ಟಿದ ಜಾಗದಲ್ಲೇ ಎಳೆದುಕೊಳ್ಳುವ ಹುಡ್ ಬೇಕು. ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಗೋಡೆಯಲ್ಲಿ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿ, ಆಯ್ತು ಅನ್ನುತ್ತಾರೆ. ಆ ಫ್ಯಾನ್ ಧೂಳನ್ನು ಎಲ್ಲರ ಮೂಗಿನ ಮುಂದೆ ಮೆರವಣಿಗೆ ಮಾಡಿಸಿ ಹೊರಗೆ ಕಳಿಸುತ್ತದೆ. ಎಳೆಯುವ ಪೈಪಿನ ಬಾಯಿ ಕೆಲಸಕ್ಕೆ ತೀರಾ ಹತ್ತಿರ ಇರಬೇಕು. ಪೈಪಿನ ಅಗಲದಷ್ಟು ದೂರ ಹೋದರೂ ಸಾಕು, ಎಳೆತದ ವೇಗ ಬಾಯಿಯಲ್ಲಿದ್ದದ್ದರ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆರಿಂಚಿನ ಪೈಪ್ ಆದರೆ ಆರಿಂಚು ದೂರಕ್ಕೇ ಬಲ ಹೋಯಿತು ಅಂತ ಲೆಕ್ಕ. ಹುಡ್ ಎಲ್ಲಿಡಬೇಕು ಅನ್ನುವುದನ್ನು ಮಷೀನ್ ಮುಂದೆ ನಿಂತು ಕೆಲಸ ಮಾಡುವವರನ್ನು ಕೇಳಿಯೇ ತೀರ್ಮಾನಿಸಬೇಕು. ಇಲ್ಲದಿದ್ದರೆ ಅಡ್ಡ ಬರುತ್ತದೆ ಅಂತ ಎರಡೇ ದಿನಕ್ಕೆ ಬಿಚ್ಚಿಡುತ್ತಾರೆ. ಅದು ಕೆಲಸಗಾರರ ತಪ್ಪಲ್ಲ.

ಸೆಖೆಗೆ ಇಟ್ಟ ಪೆಡೆಸ್ಟಲ್ ಫ್ಯಾನ್ ಕೂಡ ಹುಡ್‌ನ ಎಳೆತವನ್ನು ಕೆಡಿಸುತ್ತದೆ. ಅದರ ಮುಖ ಬೇರೆ ಕಡೆ ತಿರುಗಿಸಿ.

ಶಿಫ್ಟ್ ಮುಗಿದಾಗ ಏರ್ ಗನ್‌ನಿಂದ ಬಟ್ಟೆ ಊದಿಕೊಳ್ಳುವುದು ಸರೀನಾ?

ಬೇಡವೇ ಬೇಡ. ನೆಲಕ್ಕೆ, ಬಟ್ಟೆಗೆ ಕೂತಿದ್ದ ಧೂಳನ್ನು ಮತ್ತೆ ಎಬ್ಬಿಸಿ ಉಸಿರಾಡಿದಂತೆ. ಒಣ ಪೊರಕೆಯೂ ಹಾಗೇ. ಒದ್ದೆ ಮಾಪ್ ಅಥವಾ ಒಳ್ಳೆ ಫಿಲ್ಟರ್ ಇರುವ ವ್ಯಾಕ್ಯೂಮ್ ಬಳಸಿ. ಕೆಲಸದ ಬಟ್ಟೆಯನ್ನು ಫ್ಯಾಕ್ಟರಿಯಲ್ಲೇ ಬದಲಿಸಿ, ಕವರ್‌ನಲ್ಲಿ ಕಟ್ಟಿ ತನ್ನಿ. ಮನೆಯಲ್ಲಿ ಝಾಡಿಸದೆ ನೇರ ನೀರಿಗೆ ಹಾಕಿ. ಓಡಿಬರುವ ಮಗುವನ್ನು ಎತ್ತಿಕೊಳ್ಳುವ ಮೊದಲು ಬಟ್ಟೆ ಬದಲಿಸಿ. ಮನಸ್ಸಿಗೆ ಕಷ್ಟ, ಗೊತ್ತು.

ಬೀಡಿ ಸೇದುವುದರಿಂದ ಏನು ವ್ಯತ್ಯಾಸ?

ಬಹಳ ವ್ಯತ್ಯಾಸ. ಹೊಗೆ ಶ್ವಾಸನಾಳದ ಸಣ್ಣ ರೋಮಗಳನ್ನು ಕೆಡಿಸುತ್ತದೆ. ಧೂಳನ್ನು ಮೇಲಕ್ಕೆ ತಳ್ಳುವುದು ಅವೇ. ಕಲ್ನಾರಿನ ಜೊತೆ ಸಿಗರೇಟು ಸೇರಿದರೆ ಕ್ಯಾನ್ಸರ್ ಅಪಾಯ ಎಷ್ಟೋ ಪಟ್ಟು ಏರುತ್ತದೆ. ಆದರೆ "ನೀನು ಬೀಡಿ ಸೇದ್ತೀಯ, ಅದಕ್ಕೇ ಕೆಮ್ಮು" ಅಂತ ಹೇಳಿ ಫ್ಯಾಕ್ಟರಿ ಧೂಳನ್ನು ಮರೆಸಲು ಯಾರಿಗೂ ಬಿಡಬೇಡಿ. ಎರಡೂ ನಿಜ ಇರಬಹುದು.

ಕಾನೂನು ಏನು ಹೇಳುತ್ತೆ?

1948ರ ಫ್ಯಾಕ್ಟರಿ ಕಾಯ್ದೆಯ 14ನೇ ಕಲಂ ಧೂಳು, ಹೊಗೆಯನ್ನು ಹುಟ್ಟುವ ಜಾಗದ ಹತ್ತಿರದಲ್ಲೇ ಎಳೆದು ತೆಗೆಯಬೇಕು ಅಂದಿತ್ತು. ಅಂದರೆ ಮೇಲೆ ಹೇಳಿದ ಹುಡ್ ವಿಷಯ ಹೊಸದೇನಲ್ಲ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ ಬಂದಿದೆ. ಸಿಲಿಕೋಸಿಸ್, ಬಿಸಿನೋಸಿಸ್, ಕಲ್ನಾರಿನ ಕಾಯಿಲೆ ಹಿಂದೆಯೂ ಈಗಲೂ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿವೆ. ಕಂಡುಹಿಡಿದ ಡಾಕ್ಟರೂ ತಿಳಿಸಬೇಕು, ಮಾಲೀಕರೂ ತಿಳಿಸಬೇಕು.

ಹೊಸ ಸಂಹಿತೆಯಲ್ಲಿ ನನಗೆ ಮುಖ್ಯ ಅನಿಸಿದ್ದು, ಪ್ರತಿ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಬೇಕು ಅನ್ನುವ ನಿಯಮ. ಹತ್ತು ವರ್ಷದ ನಂತರ ಕಾಯಿಲೆ ಬಂದಾಗ "ಇವರು ನಮ್ಮಲ್ಲಿ ಕೆಲಸವೇ ಮಾಡಿಲ್ಲ" ಅನ್ನುವ ಮಾತಿಗೆ ಆ ಒಂದು ಹಾಳೆಯೇ ಉತ್ತರ. ಕೇಳಿ ತೆಗೆದುಕೊಳ್ಳಿ.

ಮಿತಿಯ ಬಗ್ಗೆಯೂ ಒಂದು ಮಾತು. ಹಳೆಯ ಕಾಯ್ದೆಯ ಲೆಕ್ಕದಲ್ಲಿ ಧೂಳಿನಲ್ಲಿ 30 ಶೇಕಡಾ ಕ್ವಾರ್ಟ್ಸ್ ಇದ್ದರೆ, ಉಸಿರಿನೊಳಗೆ ಹೋಗುವ ಸಣ್ಣ ಧೂಳಿನ ಮಿತಿ ಘನ ಮೀಟರಿಗೆ ಸುಮಾರು 0.31 ಮಿಲಿಗ್ರಾಂ. ಅದರಲ್ಲಿ ಸಿಲಿಕಾ ಪಾಲು ಸುಮಾರು 0.09. ಅಮೆರಿಕ 2016ರಲ್ಲಿ ಸಿಲಿಕಾ ಮಿತಿಯನ್ನು 0.05ಕ್ಕೆ ಇಳಿಸಿತು. ನಮ್ಮ ಶ್ವಾಸಕೋಶವೇನೂ ಹೆಚ್ಚು ಗಟ್ಟಿ ಅಲ್ಲ.

ಇಎಸ್‌ಐನಿಂದ ಏನು ಸಿಗುತ್ತೆ?

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇದೆ. 2017ರಿಂದ ಇದೇ ಮಿತಿ. ನಿಮ್ಮ ಸಂಬಳದಿಂದ ಹೋಗುವುದು 0.75 ಶೇಕಡಾ, ಮಾಲೀಕರು ಕಟ್ಟುವುದು 3.25 ಶೇಕಡಾ. ಚಿಕಿತ್ಸೆ ನಿಮಗೂ ಮನೆಯವರಿಗೂ ಸಿಗುತ್ತದೆ. ಕಾಯಿಲೆಗೆ ರಜೆ ಹಾಕಿದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70 ಶೇಕಡಾ. ಟಿಬಿಯಂಥ ದೀರ್ಘ ಕಾಯಿಲೆಗೆ ಅರ್ಹತೆ ಇದ್ದರೆ 80 ಶೇಕಡಾದಂತೆ ಎರಡು ವರ್ಷದವರೆಗೆ.

ಆದರೆ ಬಹಳ ಜನರಿಗೆ ಗೊತ್ತಿಲ್ಲದ್ದು ಇದು. ಸಿಲಿಕೋಸಿಸ್, ಬಿಸಿನೋಸಿಸ್, ಕೆಲಸದಿಂದ ಬಂದ ಉಬ್ಬಸ ಇಎಸ್‌ಐ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದ್ದವು. ಅದರರ್ಥ, ಇವನ್ನು ಕೆಲಸದಲ್ಲಿ ಆದ ಗಾಯದಂತೆಯೇ ನೋಡಬೇಕು. ಆಗ ಸಿಗುವುದು ಬರೀ ಅನಾರೋಗ್ಯ ಭತ್ಯೆ ಅಲ್ಲ. ತಾತ್ಕಾಲಿಕ ಅಂಗವೈಕಲ್ಯಕ್ಕೆ ಸಂಬಳದ 90 ಶೇಕಡಾ, ಶಾಶ್ವತ ನಷ್ಟವಾದರೆ ತಿಂಗಳ ಪಿಂಚಣಿ. ಅದನ್ನು ತೀರ್ಮಾನಿಸಲು ವಿಶೇಷ ವೈದ್ಯಕೀಯ ಮಂಡಳಿ ಇದೆ. ಡಾಕ್ಟರ್ ಚೀಟಿಯಲ್ಲಿ ಬರೀ "ಕೆಮ್ಮು" ಅಂತ ಇದ್ದರೆ ಫೈಲ್ ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಇಎಸ್‌ಐ ಇಲ್ಲದವರಿಗೆ ಮಾಲೀಕರೇ ಪರಿಹಾರ ಕೊಡಬೇಕು ಅನ್ನುವ ನಿಯಮ 1923ರ ಕಾಯ್ದೆಯ ಕಾಲದಿಂದಲೂ ಇದೆ.

ನಾನು ಕಾಂಟ್ರಾಕ್ಟ್ ಲೇಬರ್. ಬಾಯಿಬಿಟ್ಟರೆ ನಾಳೆಯಿಂದ ಬರಬೇಡ ಅಂತಾರೆ.

ಈ ಹೆದರಿಕೆ ಸುಳ್ಳಲ್ಲ. ಅದಕ್ಕೇ ಒಬ್ಬರೇ ಹೋಗಬೇಡಿ. ಸೇಫ್ಟಿ ಕಮಿಟಿ ಇದ್ದರೆ ಅದರ ಮೂಲಕ, ಯೂನಿಯನ್ ಇದ್ದರೆ ಯೂನಿಯನ್ ಮೂಲಕ ಹೇಳಿಸಿ. ರಾಜ್ಯದ ಕಾರ್ಖಾನೆಗಳ ಇಲಾಖೆಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಕಾರ್ಮಿಕ ಸಹಾಯವಾಣಿ 155214. ದೂರು ಕೊಟ್ಟವರು ಯಾರು ಅನ್ನುವುದನ್ನು ಇನ್‌ಸ್ಪೆಕ್ಟರ್ ಗುಟ್ಟಾಗಿಡಬೇಕು ಅನ್ನುವ ಮಾತು ಫ್ಯಾಕ್ಟರಿ ಕಾಯ್ದೆಯಲ್ಲೇ ಇತ್ತು. ದೂರಿನಲ್ಲಿ "ತುಂಬ ಧೂಳು" ಅಂತಷ್ಟೇ ಬರೆಯಬೇಡಿ. ಯಾವ ಸೆಕ್ಷನ್, ಯಾವ ಮಷೀನ್, ಹುಡ್ ಎಷ್ಟು ದಿನದಿಂದ ಕೆಟ್ಟಿದೆ, ಎಷ್ಟು ಜನ ಇದ್ದೀರಿ, ಹೀಗೆ ಬರೆಯಿರಿ.

ಮನೆಯಲ್ಲೇ ಅಗರಬತ್ತಿ ಹೊಸೆಯುತ್ತೇನೆ. ನಾನು ಫ್ಯಾಕ್ಟರಿಯವಳಲ್ಲವಲ್ಲ?

ಕಾಗದದಲ್ಲಿ ಅಲ್ಲ, ಆದರೆ ಧೂಳಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಇದ್ದಿಲ ಪುಡಿ, ಮರದ ಪುಡಿ, ಜಿಗಟು ಕಲಸುವ ಹೊತ್ತೇ ಹೆಚ್ಚು ಅಪಾಯ. ಪುಡಿಯನ್ನು ಮೇಲಿಂದ ಸುರಿಯಬೇಡಿ. ಮೊದಲು ನೀರು ಚಿಮುಕಿಸಿ, ಆಮೇಲೆ ಕಲಸಿ. ಅಂಗಳದಲ್ಲಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರುವಂತೆ ಕೂತುಕೊಳ್ಳಿ. ಅಡುಗೆ ಮಾಡುವ, ಮಕ್ಕಳು ಮಲಗುವ ಕೋಣೆಯಲ್ಲಿ ಕಲಸುವುದು ಬೇಡ.

ಎಲ್ಲಿ ತೋರಿಸಬೇಕು?

ಇಎಸ್‌ಐ ಇದ್ದರೆ ನಿಮ್ಮ ಡಿಸ್ಪೆನ್ಸರಿಯಿಂದ ರೆಫರ್ ಮಾಡಿಸಿಕೊಂಡು ರಾಜಾಜಿನಗರ ಅಥವಾ ಪೀಣ್ಯದ ಇಎಸ್‌ಐ ಆಸ್ಪತ್ರೆಗೆ ಹೋಗಿ. ಇಲ್ಲದವರು ನಿಮ್ಹಾನ್ಸ್ ಹತ್ತಿರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಗೆ ಹೋಗಬಹುದು. ಅದು ಸರ್ಕಾರಿ ಆಸ್ಪತ್ರೆ, ಎದೆ ಕಾಯಿಲೆಗೇ ಮೀಸಲು.

ಹೋಗುವಾಗ ಏನು ತೆಗೆದುಕೊಂಡು ಹೋಗಲಿ?

ಹಳೆಯ ಎಕ್ಸ್‌ರೇ, ಊದುವ ಪರೀಕ್ಷೆಯ ರಿಪೋರ್ಟ್, ನುಂಗುತ್ತಿರುವ ಮಾತ್ರೆ. ಇವುಗಳ ಜೊತೆ ಒಂದು ಹಾಳೆ. ಅದರಲ್ಲಿ ಮೊದಲ ಕೆಲಸದಿಂದ ಇವತ್ತಿನವರೆಗೆ ಸಾಲಾಗಿ ಬರೆಯಿರಿ. ಬರೆಯಲು ಬಾರದಿದ್ದರೆ ಮಕ್ಕಳ ಕೈಲಿ ಬರೆಸಿ. ಚಿಕ್ಕಪ್ಪನದನ್ನು ನಾನು ಹೀಗೆ ಬರೆದುಕೊಟ್ಟಿದ್ದೆ:

"16ನೇ ವಯಸ್ಸಿಗೆ ಊರಲ್ಲಿ ಎರಡು ವರ್ಷ ಕಲ್ಲು ಕ್ವಾರಿ, ಸುತ್ತಿಗೆ ಕೆಲಸ. ಆಮೇಲೆ ಬೆಂಗಳೂರು, ಫೌಂಡ್ರಿ. ಒಂದು ವರ್ಷ ಮೋಲ್ಡಿಂಗ್, ನಂತರ 19 ವರ್ಷ ಫೆಟ್ಲಿಂಗ್. ದಿನಕ್ಕೆ 10 ಗಂಟೆ, ವಾರಕ್ಕೆ 6 ದಿನ. ಮುಚ್ಚಿದ ಶೆಡ್, ಒಂದು ಎಕ್ಸಾಸ್ಟ್ ಫ್ಯಾನ್. ಮುಖಕ್ಕೆ ಟವೆಲ್. ದಿನಕ್ಕೆ ಐದು ಬೀಡಿ, ಬಿಟ್ಟು ನಾಲ್ಕು ವರ್ಷ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರಿಗೆ ಇದೇ ಥರ ಕೆಮ್ಮು."

ಕೊನೆಯ ಸಾಲನ್ನು ಓದಿ ಡಾಕ್ಟರ್ ಪೆನ್ ಕೆಳಗಿಟ್ಟರು. ಆ ಇಬ್ಬರನ್ನೂ ಕರೆದುಕೊಂಡು ಬನ್ನಿ ಅಂದರು.